ಬಿಳಿಗಾಯಿ

ಶ್ವೇತಾ ದಡ್ಡಿ ಎಂದು ಮನೆಯವರಿಗೆ ಮೊದಲು ಹೇಳಿದ್ದು ಕಂಪ್ಯೂಟರ್. ಕಂಪ್ಯೂಟರಿನ ಮಾತನ್ನು ಹೆಡ್‌ಮಾಸ್ತರರು ನಂಬಿದರು, ಹೆಡ್‌ಮಾಸ್ತರರ ಮಾತನ್ನು ಅಪ್ಪ ಕೊಟ್ರೇಶ ನಂಬಿದ. ನಂಬದೇ ಇದ್ದವಳು ಅವ್ವ ನಿರ್ಮಲಾ ಒಬ್ಬಳೇ. ಅವಳು ಕಂಪ್ಯೂಟರ್ ಮುಟ್ಟಿದವಳಲ್ಲ, ಎಸ್ಸೆಸ್ಸೆಲ್ಸಿ ದಾಟಿದವಳೂ ಅಲ್ಲ. ಹೀಗಾಗಿ ಅವಳು ನಂಬಿದರೆಷ್ಟು, ಬಿಟ್ಟರೆಷ್ಟು ಎಂದು ಎಲ್ಲರೂ ಸುಮ್ಮನಿದ್ದರು.

ಹಾಗೆ ಹೇಳಿದ್ದು ಕಂಪ್ಯೂಟರಿನೊಳಗಿನ ಒಂದು ಆಟ, ಅದೂ ಹೊರಗಿನದಲ್ಲ, ಮನೆಯದೇ. ಬ್ಯಾಡಗಿಯ ಫಕ್ಕೀರಪ್ಪನಿಗೆ ಇಬ್ಬರು ಗಂಡುಮಕ್ಕಳು. ಹಿರಿಯ ಕೊಟ್ರೇಶ ಸೋಮವಾರ, ಗುರುವಾರ ಪೇಟೆಯಲ್ಲಿ ಮೆಣಸಿನಕಾಯಿ ಹಿಡಿದು, ಮನೆಯಲ್ಲೇ ತೊಟ್ಟು ಮುರಿಸಿ, ಹಾವೇರಿ, ರಾಣೆಬೆನ್ನೂರಿನ ಅಂಗಡಿಗಳಿಗೆ ಹಾಕುವವನು. ಕಿರಿಯ ಸುನೀಲಕುಮಾರನಿಗೆ ಮೆಣಸಿನಕಾಯಿ ಘಾಟು ಆಗಿಬರಲಿಲ್ಲ. ಕಂಪ್ಯೂಟರ್ ಕೋರ್ಸು ಮುಗಿಸಿ ರಾಣೆಬೆನ್ನೂರಿನಲ್ಲಿ ಒಂದು ಸಣ್ಣ ಅಂಗಡಿ ಹಾಕಿಕೊಂಡು ಮದುವೆ ಕಾರ್ಡು, ಕರಪತ್ರ ಮಾಡುತ್ತಿದ್ದ. ಅಲ್ಲೇ ಒಂದು ಕೋಣೆಯಲ್ಲಿ ವಾಸ, ಶನಿವಾರ ಸಂಜೆ ಮೈಲಿಗೆ ಬಟ್ಟೆ ಕಟ್ಟಿಕೊಂಡು ಬ್ಯಾಡಗಿಗೆ ಬರುವುದು ಅವನ ರೂಢಿ. ಎರಡು ಸಾವಿರದ ಐದರಲ್ಲಿ, ಊರೂರ ಶಾಲೆಗೆ ಕಂಪ್ಯೂಟರ್ ಬರತೊಡಗಿದಾಗ, ಅವನ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು. ಮಕ್ಕಳು ಆಡುತ್ತ ಲೆಕ್ಕ ಕಲಿಯುವ ಒಂದು ಸಿ.ಡಿ. ವರ್ಷವಿಡೀ ಕೂತು ಅದನ್ನು ಮಾಡಿ, 'ಲೆಕ್ಕದ ರಾಣಿ' ಎಂದು ಹೆಸರಿಟ್ಟ.

ಪರದೆಯ ಒಂದು ಕಡೆ ಲೆಕ್ಕ, ಇನ್ನೊಂದು ಕಡೆ ರಾಣಿಯ ಮುಖ. ಉತ್ತರ ಸರಿಯಾದರೆ ರಾಣಿ ಸ್ವಲ್ಪ ಬೆಳ್ಳಗಾಗುತ್ತಾಳೆ, ಹೂವು ಉದುರುತ್ತವೆ, ಚಪ್ಪಾಳೆ ಕೇಳುತ್ತದೆ. ತಪ್ಪಾದರೆ ಸ್ವಲ್ಪ ಕಪ್ಪಾಗುತ್ತಾಳೆ, ಕಣ್ಣೀರು ಸುರಿಸುತ್ತಾಳೆ. ತಪ್ಪುತ್ತಲೇ ಹೋದರೆ ರೊಟ್ಟಿ ಹಂಚಿನ ತಳದ ಬಣ್ಣಕ್ಕೆ ಬಂದು ನಿಲ್ಲುತ್ತಾಳೆ, ಹಿಂದೆಲ್ಲೋ ಕತ್ತೆ ಒದರುತ್ತದೆ. ಟೀವಿಯಲ್ಲಿ ಬರುವ ಮುಖದ ಕ್ರೀಮಿನ ಜಾಹೀರಾತು ನೋಡಿ ಅವನಿಗೆ ಈ ಉಪಾಯ ಸಿಕ್ಕಿತ್ತು. ಓದಲು ಬಾರದ ಮಗುವಿಗೂ ತಾನು ಗೆದ್ದೆನೋ ಸೋತೆನೋ ಥಟ್ಟನೆ ತಿಳಿಯುತ್ತದೆ ಎಂದು ಅವನಿಗೆ ಬಹಳ ಹೆಮ್ಮೆಯಿತ್ತು. ಊರಿನ ಒಂದು ಖಾಸಗಿ ಶಾಲೆ ಅದನ್ನು ಪುಕ್ಕಟೆಯಾಗಿ ಪರೀಕ್ಷೆಗೆ ಹಾಕಿಕೊಂಡಿತು. ಅದೇ ಶಾಲೆಯ ನಾಲ್ಕನೆಯ ಇಯತ್ತೆಯಲ್ಲಿ ಶ್ವೇತಾ ಓದುತ್ತಿದ್ದಳು.

ಈ ಹುಡುಗಿಗೆ ಶ್ವೇತಾ ಎಂದು ಹೆಸರಿಟ್ಟವನೂ ಸುನೀಲನೇ. ಹುಟ್ಟಿದಾಗ ಕೂಸು ಹಾಲಿನ ಕೆನೆಯ ಹಾಗಿತ್ತು. ಮೂರು ತಿಂಗಳು ಕಳೆಯುವಷ್ಟರಲ್ಲಿ ಬಣ್ಣ ತಿರುಗಿ, ಥೇಟ್ ಅಜ್ಜಿ ಗದಿಗೆವ್ವನ ಕಪ್ಪಿಗೆ ಬಂದು ನಿಂತಿತು. ಅಷ್ಟೊತ್ತಿಗೆ ತೊಟ್ಟಿಲಲ್ಲಿ ಹಾಕಿ ಹೆಸರು ಕರೆದದ್ದಾಗಿತ್ತು. ಗದಿಗೆವ್ವನ ನಾಲಿಗೆಗೆ ಆ ಹೆಸರು ಹೊರಳಲಿಲ್ಲ, ಅವಳು ಸೇತವ್ವ ಎಂದು ಕರೆದಳು.

ಜನವರಿಯಲ್ಲಿ ಒಂದು ದಿನ ನಿರ್ಮಲಾ ಕಾಯಿಪಲ್ಯ ತರಲು ಹೋದಾಗ ಜಾಹೀದಾ ಅಕ್ಕೋರು ಸಿಕ್ಕರು. ಶ್ವೇತಾಳಿಗೆ ಕಲಿಸುವ ಅಕ್ಕೋರು ಅವರೇ. ಹುಡುಗಿ ಬಾಯಿಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ, ಆದರೆ ಕಂಪ್ಯೂಟರಿನ ಮುಂದೆ ಕೂಡಿಸಿದರೆ ಒಂದೂ ಸರಿ ಬರುವುದಿಲ್ಲ ಎಂದು ಅವರು ಬೇಸರದಿಂದ ಹೇಳಿದರು. ಮೊದಲ ದಿನ ಎಲ್ಲ ಸರಿಯಾಗಿತ್ತಂತೆ, ಆಮೇಲೆ ಏನಾಯಿತೋ ಗೊತ್ತಿಲ್ಲವಂತೆ. ಹೆಡ್‌ಮಾಸ್ತರರು ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ, ಹೀಗೇ ಆದರೆ ಇನ್ನೊಂದು ವರ್ಷ ನಾಲ್ಕನೆಯದರಲ್ಲೇ ಕೂಡಿಸುತ್ತಾರೆ ಎಂದರು.

ಆ ಶನಿವಾರ ರಾತ್ರಿ ಊಟಕ್ಕೆ ಎಲ್ಲರೂ ಇದ್ದರು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಿರ್ಮಲಾ ಸುದ್ದಿ ಹೇಳಿದ ಕೂಡಲೇ ಕೊಟ್ರೇಶನ ಕೈ ನಿಂತಿತು.

"ಸ್ವಂತ ಕಾಕಾ ಮಾಡಿದ ಆಟ ಆಡಾಕ ಬರಂಗಿಲ್ಲ ಅಂದ್ರ ಮತ್ತೇನ ಬರತೈತಿ ಇಕಿಗೆ? ನಾಕನೇದಕ್ಕ ಮತ್ತೊಮ್ಮೆ ಫೀ ಕಟ್ಟಾಕ ನನಗ ಹುಚ್ಚ ಹಿಡದಿಲ್ಲ. ಆಯಿ ಕೂಡ ಕುಂತು ತೊಟ್ಟ ಮುರೀಲಿ."

ಶ್ವೇತಾ ರೊಟ್ಟಿಯನ್ನು ಚೂರು ಚೂರು ಮಾಡುತ್ತ ತಲೆ ತಗ್ಗಿಸಿದಳು. ಸುನೀಲನಿಗೆ ಅವಳಿಗಿಂತ ಹೆಚ್ಚು ಅವಮಾನವಾಗಿತ್ತು. ಮುಂದಿನ ತಿಂಗಳು ಹಾವೇರಿಯಲ್ಲಿ ಜಿಲ್ಲೆಯ ಸಾಹೇಬರು, ಹೆಡ್‌ಮಾಸ್ತರರು ಎಲ್ಲ ಸೇರಿ ಈ ಆಟ ನೋಡುವವರಿದ್ದರು. ಅವರಿಗೆ ಹಿಡಿಸಿದರೆ ಜಿಲ್ಲೆಯ ಶಾಲೆಗಳಿಗೆಲ್ಲ ಹೋಗುತ್ತದೆ. ಅಷ್ಟರಲ್ಲಿ ತನ್ನ ಮನೆಯ ಹುಡುಗಿಯೇ ಸೊನ್ನೆ ತೆಗೆದಳು ಎಂದು ಊರಲ್ಲಿ ಹಬ್ಬಿದರೆ ಮುಗಿಯಿತು. ಮುಂದಿನ ವಾರ ಕಂಪ್ಯೂಟರನ್ನೇ ಮನೆಗೆ ತರುತ್ತೇನೆ, ನಾನೇ ಕೂಡಿಸಿಕೊಂಡು ಕಲಿಸುತ್ತೇನೆ ಎಂದ. ಮುದುಕ ಫಕ್ಕೀರಪ್ಪ ಮಾತ್ರ ಏನೂ ಹೇಳದೆ ಮಜ್ಜಿಗೆ ಕುಡಿದು ಎದ್ದ. ಆ ಮನೆಯಲ್ಲಿ ಅವನು ಮಾತಾಡುವುದು ಹಬ್ಬ ಹುಣ್ಣಿಮೆಗೆ ಮಾತ್ರ.

ಹೇಳಿದ ಹಾಗೆ ಕಂಪ್ಯೂಟರ್ ಬಂತು. ಪಡಸಾಲೆಯಲ್ಲಿ ಮೆಣಸಿನಕಾಯಿ ರಾಶಿಯನ್ನು ಒತ್ತಟ್ಟಿಗೆ ಸರಿಸಿ, ಮೇಜಿನ ಮೇಲೆ ಗದಿಗೆವ್ವನ ಹಳೆಯ ಇಳಕಲ್ ಸೀರೆ ಹಾಸಿ ಇಟ್ಟರು. ಕರೆಂಟು ಇದ್ದಾಗ ಶ್ವೇತಾ ಅದರ ಮುಂದೆ, ಹೋದಾಗ ಸುನೀಲ ಹೊರಗೆ ಬೈಯುತ್ತ ನಿಲ್ಲುವುದು. ಅವಳು ಒತ್ತಿದ್ದೆಲ್ಲ ತಪ್ಪು. ರಾಣಿ ಕಪ್ಪಾದಳು, ಅತ್ತಳು, ಕತ್ತೆ ಒದರಿತು. ಸುನೀಲ ಮೊದಲು ಮೆಲ್ಲಗೆ ಹೇಳಿಕೊಟ್ಟ, ಆಮೇಲೆ ಜೋರಾಗಿ ಹೇಳಿದ, ಕೊನೆಗೆ ಮೇಜು ಗುದ್ದಿ ಎದ್ದು ಹೋದ.

ನಿರ್ಮಲಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಿಟ್ಟು ನಾದುತ್ತಿದ್ದವಳು ಮಗಳ ಕೈ ನೋಡಲಿಲ್ಲ, ತುಟಿ ನೋಡಿದಳು. ಲೆಕ್ಕ ಬಂದ ಕೂಡಲೇ ಹುಡುಗಿಯ ತುಟಿ ಉತ್ತರ ಹೇಳಿಬಿಡುತ್ತಿತ್ತು. ಸರಿಯಾದ ಉತ್ತರವೇ. ಆಮೇಲೆ ಬೆರಳು ಹೋಗಿ ಬೇರೆಯದನ್ನು ಒತ್ತುತ್ತಿತ್ತು. ಒಬ್ಬಳೇ ಸಿಕ್ಕಾಗ ಕೇಳಬೇಕೆಂದು ನಿರ್ಮಲಾ ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಮರುದಿನ ಮಧ್ಯಾಹ್ನ ಅಜ್ಜಿ, ಮೊಮ್ಮಗಳು, ಸೊಸೆ ಮೂವರೂ ಕಾಯಿ ಆರಿಸಲು ಕೂತರು. ಆರಿಸುವುದೆಂದರೆ ದೊಡ್ಡ ವಿದ್ಯೆಯೇನಲ್ಲ. ಕಡುಗೆಂಪು ನೆರಿಗೆಗಾಯಿ ಒಂದು ಕಡೆ, ಬಣ್ಣ ಹೋಗಿ ಬೆಳ್ಳಗಾದದ್ದು ಇನ್ನೊಂದು ಕಡೆ. ಅದಕ್ಕೆ ಬಿಳಿಗಾಯಿ ಎನ್ನುತ್ತಾರೆ. ರಾಶಿಯಲ್ಲಿ ಬಿಳಿಗಾಯಿ ಕಂಡರೆ ಕೊಳ್ಳುವವರು ಮೂಗು ಮುರಿಯುತ್ತಾರೆ. ಬ್ಯಾಡಗಿಯ ಮಕ್ಕಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಗದಿಗೆವ್ವ ಬೊಚ್ಚುಬಾಯಿ ತೆರೆದು ತೂಕಡಿಸಿದ್ದನ್ನು ನೋಡಿ ನಿರ್ಮಲಾ ಮಗಳನ್ನು ಮೆಲ್ಲಗೆ ಕೇಳಿದಳು.

"ಉತ್ತರ ಗೊತ್ತಿದ್ದೂ ತಪ್ಪ ಯಾಕ ಒತ್ತಾಕತ್ತೀದಿ?"

ಶ್ವೇತಾ ಕಾಯಿಯ ರಾಶಿ ಕೆದಕಿದಳು. ಆಮೇಲೆ ಒಂದೊಂದೇ ಹೊರಗೆ ಬಂತು. ಮೊದಲ ದಿನ ಎಲ್ಲ ಸರಿ ಒತ್ತಿದ್ದಳು. ರಾಣಿ ಬೆಳ್ಳಗೆ ಹೊಳೆಯುತ್ತಿದ್ದಳು. ಆಗ ಬೆಂಚಿನ ಹುಡುಗಿಯರು ಒಮ್ಮೆ ಪರದೆ ನೋಡಿದರು, ಒಮ್ಮೆ ಇವಳನ್ನು ನೋಡಿದರು. ಇಷ್ಟು ಸರಿ ಹೇಳಿದರೂ ನಿನ್ನ ಮಾರಿ ಬೆಳ್ಳಗಾಗಲಿಲ್ಲ, ನಿನ್ನದು ಸೊನ್ನೆ ಬಂದ ರಾಣಿಯ ಮಾರಿ ಎಂದು ನಕ್ಕರು. ಅಂದಿನಿಂದ ಶಾಲೆಯಲ್ಲಿ ಅವಳ ಹೆಸರು ಸೊನ್ನಿ.

"ಸರಿ ಒತ್ತಿದ್ರ ಅಕಿ ನನ್ನ ಬಿಟ್ಟು ಬೆಳ್ಳಗಾಗಿ ಹೊಕ್ಕಾಳವ್ವ. ತಪ್ಪ ಒತ್ತಿದ್ರ ನನ್ನಂಗ ಇರ್ತಾಳ. ಅಳತಾಳ, ಆದ್ರ ನನ್ನಂಗ ಇರ್ತಾಳ."

ನಿರ್ಮಲಾ ಮಗಳನ್ನು ಅಪ್ಪಿಕೊಳ್ಳಲು ಹೋಗಿ, ಕೈಯೆಲ್ಲ ಖಾರವೆಂದು ತಡೆದಳು. ಮೊಳಕೈಯಿಂದಲೇ ಅವಳನ್ನು ಹತ್ತಿರ ಎಳೆದುಕೊಂಡಳು. ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂತು. ಎಚ್ಚರಾದ ಅತ್ತೆಗೆ ಘಾಟು ಎಂದು ಹೇಳಿದಳು.

ಅದೇ ಸಂಜೆ ಸುನೀಲ ರಾಣೆಬೆನ್ನೂರಿಗೆ ಹೊರಡುವ ಮೊದಲು ಅವಳು ಎಲ್ಲವನ್ನೂ ಹೇಳಿ, ಆ ಬಣ್ಣ ತೆಗೆ ಎಂದಳು. ಅವಳು ಮದುವೆಯಾಗಿ ಬಂದಾಗ ಅವನು ಹೈಸ್ಕೂಲು ಹುಡುಗ, ಅವನ ಚಡ್ಡಿ ಒಗೆದವಳು ಅವಳು. ಹೀಗಾಗಿ ನೀನು ಎಂದೇ ಮಾತು. ಆದರೆ ಸುನೀಲನ ಕಿವಿಗೆ ಬಿದ್ದದ್ದು ಒಂದೇ ಸಂಗತಿ. ಹುಡುಗಿಗೆ ಎಲ್ಲ ಉತ್ತರ ಗೊತ್ತಿದೆ! ಅವನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಹಾಗಾದರೆ ಹಾವೇರಿಯಲ್ಲಿ ಸಾಹೇಬರ ಮುಂದೆ ಅವಳನ್ನೇ ಕೂಡಿಸೋಣ, ಹೆಡ್‌ಮಾಸ್ತರರೂ ಬಂದಿರುತ್ತಾರೆ, ಕಣ್ಣಾರೆ ನೋಡಿ ಐದನೆಯದಕ್ಕೆ ಹಾಕಿಕೊಳ್ಳುತ್ತಾರೆ ಎಂದ. ಕೊಟ್ರೇಶನೂ ಗೆಲುವಾಗಿ, ಸರಿಯಾಗಿ ಒತ್ತಿದರೆ ಸೈಕಲ್ ಕೊಡಿಸುತ್ತೇನೆಂದು ಮಗಳಿಗೆ ಆಸೆ ಹಚ್ಚಿದ.

"ಬಣ್ಣದ ಮಾತ ಏನಾತು?" ಎಂದು ನಿರ್ಮಲಾ ಪಟ್ಟು ಬಿಡಲಿಲ್ಲ.

"ವೈನಿ, ನಿಮಗ ತಿಳಿಯಂಗಿಲ್ಲ. ಹುಡುಗರ ಮನಸ್ಸು ಮೊದಲ ನೋಡೂದ ಬಣ್ಣ. ಅಕ್ಷರ, ಅಂಕಿ ಎಲ್ಲಾ ಆಮ್ಯಾಲೆ. ಬಣ್ಣ ನೋಡಿದ ಕೂಡ್ಲೆ ಅವಕ್ಕ ಖುಷಿ ಆಗಬೇಕು, ಇಲ್ಲಾ ದುಃಖ ಆಗಬೇಕು. ಆಟ ನಿಂತಿರೂದ ಅದರ ಮ್ಯಾಲೆ."

"ಅದನ್ನ ನಾನೂ ಹೇಳಾಕತ್ತೇನಿ," ಎಂದಳು ನಿರ್ಮಲಾ. "ನನ್ನ ಮಗಳಿಗೆ ದುಃಖ ಆಗೇತಿ. ನಿನ್ನ ಆಟ ಛಲೋ ನಡದೈತಿ."

ಸುನೀಲ ನಕ್ಕು ಚೀಲ ಎತ್ತಿಕೊಂಡ. ಪ್ರತಿ ವಾರದಂತೆ ರೊಟ್ಟಿ ಗಂಟಿಗೆ ಕೈ ಚಾಚಿದ. ಗಂಟು ಇರಲಿಲ್ಲ. ಆ ಅಳುವ ಕಪ್ಪು ಮಾರಿ ಇರುವ ತನಕ ನನ್ನ ಕೈರೊಟ್ಟಿ ನಿನಗಿಲ್ಲ ಎಂದು ಹೇಳಿ ಅವಳು ಒಳಗೆ ನಡೆದಳು. ಹೆಣ್ಣುಮಕ್ಕಳ ಸಿಟ್ಟು ಬಸ್ಸು ಹೋಗುವಷ್ಟರಲ್ಲಿ ಇಳಿಯುತ್ತದೆ ಎಂದು ಅವನು ತಿಳಿದಿದ್ದ. ಬಸ್ಸು ಹೋಯಿತು, ಸಿಟ್ಟು ಇಳಿಯಲಿಲ್ಲ. ಮುಂದಿನ ಶನಿವಾರ ಅವನು ಬಂದು ಊಟಕ್ಕೆ ಕೂತಾಗ ಎಲ್ಲರ ತಾಟಿಗೂ ರೊಟ್ಟಿ ಬಿತ್ತು, ಅವನದಕ್ಕೆ ಬೀಳಲಿಲ್ಲ.

ಕೊಟ್ರೇಶ ಹೆಂಡತಿಯ ಮೇಲೆ ಹರಿಹಾಯ್ದ. ಮನೆ ಮಗನಿಗೆ ಅನ್ನ ಹಾಕದ ಸೊಸೆ ಎಂದು ಜನ ಆಡಿಕೊಳ್ಳುತ್ತಾರೆ ಎಂದ. ಆಡಿಕೊಳ್ಳಲಿ, ನನ್ನ ಮಗಳನ್ನು ಈಗಾಗಲೇ ಆಡಿಕೊಳ್ಳುತ್ತಿದ್ದಾರೆ, ಆಗ ನಿಮ್ಮ ಬಾಯಿ ಎಲ್ಲಿತ್ತು ಎಂದು ಅವಳು ಕೇಳಿದಳು. ಕೊನೆಗೆ ಗದಿಗೆವ್ವನೇ ಗೊಣಗುತ್ತ ಒಲೆಯ ಮುಂದೆ ಕೂತು ಕಿರಿಮಗನಿಗೆ ರೊಟ್ಟಿ ಬಡಿದಳು. ಮುದುಕಿಯ ಕೈಯಲ್ಲಿ ಬಲವಿಲ್ಲ, ರೊಟ್ಟಿ ದಪ್ಪ, ಅಂಚು ಹಸಿ. ಮಗನ ಹೊಟ್ಟೆ ಮೇಲೆ ಸೊಸೆ ಹೊಡೆದಳೆಂದು ಅವಳು ಓಣಿಗೆಲ್ಲ ಕೇಳುವಂತೆ ಹಲುಬಿದಳು.

ಆ ಹಲುಬಾಟ ನಿಂತದ್ದು ಮರುದಿನ ಬೆಳಿಗ್ಗೆ. ಸುನೀಲ ಪಡಸಾಲೆಯಲ್ಲಿ ಆಟ ಹಚ್ಚಿ ಏನೋ ತಿದ್ದುತ್ತಿದ್ದ. ಗದಿಗೆವ್ವ ಚಹಾ ಕೊಡಲು ಬಂದವಳು ಮೊದಲ ಬಾರಿಗೆ ಪರದೆಯ ಮುಂದೆ ನಿಂತು ನೋಡಿದಳು. ತಪ್ಪುಗಳೆಲ್ಲ ಮುಗಿದು ರಾಣಿ ಕೊನೆಯ ಬಣ್ಣಕ್ಕೆ ಬಂದಿದ್ದಳು.

"ಈ ಅಳಾಕತ್ತಾಕಿ ಯಾರೋ?"

"ಯಾರೂ ಅಲ್ಲಬೇ. ತಪ್ಪ ಹೇಳಿದ್ರ ಹಿಂಗ ಆಗ್ತಾಳ."

ಗದಿಗೆವ್ವ ಬಗ್ಗಿ ನೋಡಿದಳು. ಪರದೆಯ ಗಾಜಿನಲ್ಲಿ ಅವಳದೇ ಮುಖ ಮಸುಕಾಗಿ ಕಾಣುತ್ತಿತ್ತು, ಅದರ ಹಿಂದೆ ರಾಣಿಯ ಮುಖ. ಎರಡರ ಬಣ್ಣವೂ ಒಂದೇ.

"ನಾ ಏನ ತಪ್ಪ ಹೇಳಿದ್ನೋ ತಮ್ಮಾ?" ಎಂದು ಕೇಳಿದಳು.

ಸುನೀಲ ತಿರುಗಿ ತಾಯಿಯನ್ನು ನೋಡಿದ. ಗದಿಗೆವ್ವ ಚಹಾದ ಬಟ್ಟಲನ್ನು ಅವನ ಮುಂದೆ ಇಡದೆ ಹಾಗೇ ತಿರುಗಿ ಒಳಗೆ ಒಯ್ದಳು. ಒಲೆಯ ಮುಂದೆ ಕೂತಿದ್ದ ಸೊಸೆಯ ಪಕ್ಕದಲ್ಲಿ ಕೂತು ತಾನೇ ಅದನ್ನು ಕುಡಿದಳು. ಅಂದಿನಿಂದ ಆ ಮನೆಯಲ್ಲಿ ಸುನೀಲನಿಗೆ ದಪ್ಪ ರೊಟ್ಟಿಯೂ ಇಲ್ಲ. ರಾಣೆಬೆನ್ನೂರಿನ ಖಾನಾವಳಿಯೇ ಗತಿಯಾಯಿತು.

ಆದರೂ ಅವನು ಚಿತ್ರ ಬದಲಿಸಲಿಲ್ಲ. ಹಾವೇರಿಯ ದಿನ ಗೊತ್ತಾಗಿತ್ತು, ಅಷ್ಟರೊಳಗೆ ಎಲ್ಲ ತಿದ್ದಲು ಆಗುವುದಿಲ್ಲ, ಸಾಹೇಬರು ಒಪ್ಪಿದ ಮೇಲೆ ನೋಡೋಣ ಎಂದು ಅಣ್ಣನಿಗೆ ಹೇಳಿದ. ಆಗುವುದಿಲ್ಲ ಎನ್ನುವುದು ಅರ್ಧ ಖರೇ, ಅರ್ಧ ಹಟ.

ಹೊರಡುವ ದಿನ ನಿರ್ಮಲಾ ಮಗಳಿಗೆ ಎರಡು ಜಡೆ ಹಾಕಿ, ಕೆಂಪು ರಿಬ್ಬನ್ ಕಟ್ಟಿದಳು. ಕೊಟ್ರೇಶ ಹೊಸಿಲ ಮೇಲೆ ನಿಂತು ಸೈಕಲ್ಲಿನ ಮಾತನ್ನು ಇನ್ನೊಮ್ಮೆ ಜ್ಞಾಪಿಸಿದ. ಪೌಡರ್ ಹಚ್ಚಲೇ ಎಂದು ಪಕ್ಕದ ಮನೆಯ ಚಮನಬಿ ಡಬ್ಬಿ ಹಿಡಿದು ಬಂದಿದ್ದಳು, ನಿರ್ಮಲಾ ಬೇಡವೆಂದಳು. ಏನು ಒತ್ತಲಿ ಎಂದು ಶ್ವೇತಾ ಕೇಳಿದಾಗ, "ನಿನಗ ತಿಳಿದಂಗ ಮಾಡು. ಆದ್ರ ಉತ್ತರ ನುಂಗಬ್ಯಾಡ," ಎಂದಷ್ಟೇ ಹೇಳಿದಳು.

ಹಾವೇರಿಯ ಸಭಾಂಗಣದಲ್ಲಿ ಮಾಸ್ತರರು, ಅಕ್ಕೋರು ತುಂಬಿದ್ದರು. ಪರದೆಯ ಚಿತ್ರವನ್ನು ಗೋಡೆಯ ಮೇಲೆ ದೊಡ್ಡದಾಗಿ ಬಿಡುವ ಯಂತ್ರ ಇತ್ತು. ರಾಣಿಯ ಮುಖ ಗೋಡೆಯಷ್ಟಾಯಿತು. ಮುಂದಿನ ಸಾಲಿನಲ್ಲಿ ಸಾಹೇಬರು, ಅವರ ಪಕ್ಕದಲ್ಲಿ ಬ್ಯಾಡಗಿಯ ಹೆಡ್‌ಮಾಸ್ತರರು, ಹಿಂದೆ ಜಾಹೀದಾ ಅಕ್ಕೋರು, ಅವರ ಹಿಂದೆ ಕೊಟ್ರೇಶ, ನಿರ್ಮಲಾ. ಸುನೀಲ ಇಸ್ತ್ರಿ ಅಂಗಿ ತೊಟ್ಟು ಮಾತಾಡಿದ, ಚೆನ್ನಾಗಿಯೇ ಮಾತಾಡಿದ. ಬಣ್ಣ, ಮಕ್ಕಳ ಮನಸ್ಸು ಎಲ್ಲ ಹೇಳಿ, ಶ್ವೇತಾಳನ್ನು ಕರೆದು ಕುರ್ಚಿಯಲ್ಲಿ ಕೂಡಿಸಿದ.

ಮೊದಲ ಲೆಕ್ಕ ಗೋಡೆಯ ಮೇಲೆ ಬಂತು. ಶ್ವೇತಾ ಎದ್ದು ನಿಂತಳು. ಶಾಲೆಯಲ್ಲಿ ಮಗ್ಗಿ ಹೇಳುವ ರಾಗದಲ್ಲಿ, ಹಿಂದಿನ ಸಾಲಿಗೂ ಕೇಳುವ ಹಾಗೆ, ಎಂಟ ಒಂಬತ್ಲೆ ಎಪ್ಪತ್ತೆರಡು ಎಂದಳು. ಆಮೇಲೆ ಕೈ ಚಾಚಿ ಬೇರೇನೋ ಒತ್ತಿದಳು. ಗೋಡೆಯ ಮೇಲೆ ರಾಣಿ ಕಪ್ಪಾದಳು, ಕಣ್ಣೀರು ಸುರಿಯಿತು. ಎರಡನೆಯ ಲೆಕ್ಕ. ಬಾಯಲ್ಲಿ ಸರಿ, ಬೆರಳಲ್ಲಿ ತಪ್ಪು. ಮೂರನೆಯದೂ ಹಾಗೇ. ಸುನೀಲ ಅವಳ ಹಿಂದೆ ಬಂದು ಕಿವಿಯಲ್ಲಿ ಏನೋ ಹೇಳಿದ, ಅವಳು ಕೇಳಿಸಿಕೊಳ್ಳಲಿಲ್ಲ. ಕೊಟ್ರೇಶ ಎದ್ದೇಬಿಟ್ಟ, ನಿರ್ಮಲಾ ಅವನ ಅಂಗಿ ಜಗ್ಗಿ ಕೂಡಿಸಿದಳು. ಕೊನೆಗೆ ಕತ್ತೆ ಒದರಿತು. ಯಾರೋ ಕಿಸಕ್ಕೆಂದರು.

ಸಾಹೇಬರು ಕನ್ನಡಕ ತೆಗೆದು, ಬಾಯಿಂದ ಸರಿ ಹೇಳಿ ಕೈಯಿಂದ ತಪ್ಪು ಯಾಕೆ ಒತ್ತುತ್ತೀ ಎಂದು ಕೇಳಿದರು.

"ಸರಿ ಒತ್ತಿದ್ರ ಅಕಿ ಬೆಳ್ಳಗಾಗ್ತಾಳ್ರೀ," ಎಂದಳು ಶ್ವೇತಾ. "ನಮ್ಮ ಮನ್ಯಾಗ ಬೆಳ್ಳಗಾದ ಕಾಯಿ ಆರಿಸಿ ಹೊರಗ ಒಗೀತೀವ್ರೀ."

ಬ್ಯಾಡಗಿ ಕಡೆಯವರು ಯಾರೋ ಮೊದಲು ನಕ್ಕರು. ಆಮೇಲೆ ನಗು ತಾನೇ ಅಡಗಿತು. ಅಲ್ಲಿ ಕೂತಿದ್ದವರಲ್ಲಿ ಮುಕ್ಕಾಲು ಮಂದಿಯ ಬಣ್ಣ ಗೋಡೆಯ ಮೇಲೆ ಅಳುತ್ತಿದ್ದವಳದೇ. ಇಷ್ಟು ಹೊತ್ತು ಯಾರಿಗೂ ಅದು ಕಂಡಿರಲಿಲ್ಲ, ಈಗ ಒಮ್ಮೆಲೇ ಎಲ್ಲರಿಗೂ ಕಂಡಿತು. ಜಾಹೀದಾ ಅಕ್ಕೋರು ಎದ್ದು ನಿಂತು, ಹುಡುಗಿ ಒಂದು ಉತ್ತರವನ್ನೂ ತಪ್ಪು ಹೇಳಿಲ್ಲ, ಎಲ್ಲರೂ ಕೇಳಿದ್ದೀರಿ ಎಂದು ಹೆಡ್‌ಮಾಸ್ತರರ ಕಡೆ ನೋಡಿಯೇ ಹೇಳಿದರು. ಅಷ್ಟು ಜನರ ಮುಂದೆ ಹೆಡ್‌ಮಾಸ್ತರರು ಮತ್ತೇನು ಮಾಡಿಯಾರು, ಐದನೆಯದಕ್ಕೆ ಹೋಗಲಿ ಎಂದು ತಲೆಯಾಡಿಸಿದರು. ಸಾಹೇಬರು ಸಿ.ಡಿ.ಯನ್ನು ಸುನೀಲನ ಕೈಗೆ ತಿರುಗಿ ಕೊಟ್ಟರು. ಲೆಕ್ಕ ಚೆನ್ನಾಗಿವೆ, ಚಿತ್ರ ಬದಲಿಸಿಕೊಂಡು ಬನ್ನಿ, ಆಮೇಲೆ ನೋಡೋಣ ಎಂದರು.

ಬಸ್ಸು ಮೋಟೆಬೆನ್ನೂರು ದಾಟಿತು. ಸೈಕಲ್ ಹೋಯಿತಲ್ಲ ಎಂದು ಕೊಟ್ರೇಶ ಮಗಳನ್ನು ಚುಚ್ಚಿದ. ಬೇಡವೆಂದಳು ಶ್ವೇತಾ, ಶಾಲೆ ಹತ್ತಿರವೇ ಇದೆ, ನಡೆಯಲು ಬರುತ್ತದೆ ಎಂದಳು.

ಸಂಜೆ ಊಟಕ್ಕೆ ಕೂತಾಗ ಸುನೀಲನೂ ಬಂದು ತನ್ನ ಜಾಗದಲ್ಲಿ ಕೂತ. ಬಿಸಿ ರೊಟ್ಟಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ತಾಟು ನೋಡುತ್ತ ಅವನು, ಹಾಗಾದರೆ ಎಲ್ಲರಿಗೂ ನಡೆಯುವಂತೆ ಗೋಧಿ ಬಣ್ಣ ಹಾಕುತ್ತೇನೆ, ಅತ್ತ ಬಿಳಿಯೂ ಅಲ್ಲ ಇತ್ತ ಕಪ್ಪೂ ಅಲ್ಲ ಎಂದ. ಅವನ ತಾಟಿನ ಮೇಲೆ ರೊಟ್ಟಿ ಹಿಡಿದಿದ್ದ ನಿರ್ಮಲಾಳ ಕೈ ಅಲ್ಲೇ ನಿಂತು, ತಿರುಗಿ ಬುಟ್ಟಿಗೆ ಹೋಯಿತು.

"ಇದು ಜ್ವಾಳದ ರೊಟ್ಟಿ ಉಣ್ಣೂ ಮನಿ," ಎಂದಳು.

ಆಗ ಮುದುಕ ಫಕ್ಕೀರಪ್ಪ ಬಾಯಿ ತೆರೆದ. ಹಬ್ಬವೂ ಅಲ್ಲ, ಹುಣ್ಣಿಮೆಯೂ ಅಲ್ಲ.

"ನಿಮ್ಮವ್ವನ್ನ ನೋಡಾಕ ಹೋದಾಗ ನಮ್ಮಪ್ಪ ಕಪ್ಪ ಅದಾಳಂದ. ನಾ ಅಕೀನ ಬೇಕಂದೆ. ಏಳೋ, ಆ ಡಬ್ಬಿ ಚಾಲೂ ಮಾಡು."

ಸುನೀಲ ಎದ್ದು ಕಂಪ್ಯೂಟರ್ ಹಚ್ಚಿದ. ರಾಣಿಯ ಮುಖ ತೆರೆದು, ಶ್ವೇತಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮೌಸಿನಿಂದ ಬಣ್ಣ ಎಳೆಯತೊಡಗಿದ. ಗೋಧಿಗೆ ಬಂದು ನಿಲ್ಲಿಸಿ, ಸಾಕೇ ಎಂದು ಕೇಳಿದ. ಇನ್ನೂ ಎಂದಳು. ಸ್ವಲ್ಪ ಎಳೆದ. ಇನ್ನೂ ಎಂದಳು. ಆಮೇಲೆ ಎದ್ದು ಹೋಗಿ ಗದಿಗೆವ್ವನನ್ನು ಊಟದ ನಡುವೆಯೇ ಕೈಹಿಡಿದು ಎಬ್ಬಿಸಿ ತಂದು ಪರದೆಯ ಪಕ್ಕ ನಿಲ್ಲಿಸಿದಳು. ಸುನೀಲ ತಾಯಿಯ ಮುಖ ನೋಡಿದ, ಪರದೆ ನೋಡಿದ, ಮತ್ತೆ ತಾಯಿಯ ಮುಖ ನೋಡಿದ. ಇಷ್ಟು ಗಮನ ಕೊಟ್ಟು ಅವನು ಅವ್ವನನ್ನು ನೋಡಿದ್ದು ಚಿಕ್ಕಂದಿನಲ್ಲಿ, ಆಮೇಲೆ ಇಲ್ಲ. ಮೌಸು ನಿಧಾನ ಸರಿಯಿತು.

"ಹಾಂ, ಇಷ್ಟ," ಎಂದಳು ಶ್ವೇತಾ. "ಇನ್ನ ನಗಸು ಕಾಕಾ."

"ತಪ್ಪ ಒತ್ತಿದ್ರ?"

"ಮತ್ತೊಮ್ಮೆ ಕೇಳ್ಲಿ. ಅಳಾಕ ಏನಾಗೇತಿ ಅಕಿಗೆ?"

ಸುನೀಲ ಏನೇನೋ ಒತ್ತಿದ, ಬಹಳ ಹೊತ್ತು ತಿದ್ದಿದ, ಕಣ್ಣೀರು ಅಳಿಸಿದ, ಕತ್ತೆಯನ್ನು ಓಡಿಸಿದ. ಆಮೇಲೆ ಒಂದು ಲೆಕ್ಕ ಬಂತು. ಶ್ವೇತಾ ಈ ಸಲ ಬಾಯಿ ತೆರೆಯಲಿಲ್ಲ, ಉತ್ತರ ಒತ್ತಿದಳು. ಸರಿ ಉತ್ತರ. ಪರದೆಯ ಮೇಲಿನ ಕಪ್ಪು ಹುಡುಗಿ, ಬಣ್ಣ ಒಂದಿಷ್ಟೂ ಬಿಡದೆ, ಬಾಯ್ತುಂಬ ನಕ್ಕಳು. ಹಿಂದಿನಿಂದ ನಿರ್ಮಲಾ ಬಂದು ಮೈದುನನ ಕೈಗೆ ತಾಟು ಕೊಟ್ಟಳು, ಅದರಲ್ಲಿ ಎರಡು ರೊಟ್ಟಿ ಇದ್ದವು.

ಗದಿಗೆವ್ವ ಬಗ್ಗಿ ಆ ನಗುವನ್ನು ಚೆನ್ನಾಗಿ ನೋಡಿದಳು.

"ಮಾರಿ ನಂದ ಐತಿ," ಎಂದಳು. "ಹಲ್ಲ ಅಷ್ಟ ನನ್ನವಲ್ಲ."